ವಿಮಲಾಬಾಯಿ ಬೇಡವೆಂದ ನೆರಳು

ಬ್ರಹ್ಮಪುರದ ಓಣಿಯೊಂದರ ಕೊನೆಗೆ, ಮಣ್ಣಿನಲ್ಲಿ ನಿಂತ ಬೇವಿನ ಗಿಡದ ಪಕ್ಕ, ಸಿಮೆಂಟಿನ ಅಗಲವಾದ ಅಂಗಳವಿದೆ. ಸೋಮವಾರ ಸಂಜೆ ಅಲ್ಲಿ ವಿಮಲಾಬಾಯಿಯವರ ಭಜನಾ ಮಂಡಳಿ ಕೂಡುತ್ತದೆ. ಉಳಿದ ದಿನ ಮಕ್ಕಳು ಸ್ಕೇಟ್‌ಬೋರ್ಡ್ ಆಡುತ್ತಾರೆ. ಬೇಸಿಗೆಯಲ್ಲಿ ಹೊತ್ತು ಇಳಿದ ಮೇಲೂ ಆ ನೆಲ ರೊಟ್ಟಿಯ ಹಂಚಿನಂತೆ ಸುಡುತ್ತದೆ. ಅಲ್ಲೊಂದು ತಗಡಿನ ಶೆಡ್ಡು ಬೇಕೆಂದು ವಿಮಲಾಬಾಯಿ ವಾರ್ಡಿನ ಸದಸ್ಯ ದೇವಿಂದ್ರಪ್ಪನ ಬೆನ್ನು ಹತ್ತಿ ವರ್ಷಗಳೇ ಆಗಿದ್ದವು. ಕೊನೆಗೂ ಮಂಜೂರಾಯಿತು. ಅವರು ಶರಣಬಸಪ್ಪನ ಗುಡಿಯಲ್ಲಿ ಕಾಯಿ ಒಡೆಸಿ ಬಂದರು.

ಮರುದಿನ ಫರ್ಹೀನ್ ಬಾಗಿಲಿಗೆ ಬಂದಳು. ಕಾಲೇಜು ಹುಡುಗಿ, ಅಂಗಳದಲ್ಲಿ ಚಿಕ್ಕವರಿಗೆ ಬೋರ್ಡಿನ ಮೇಲೆ ನಿಲ್ಲುವುದನ್ನು ಕಲಿಸುವವಳು.

“ಆಯೀ, ಶೆಡ್ಡಿನ ಕಂಬ ನಟ್ಟನಡುವ ಬರ್ತಾವಂತ್ರಿ. ನಮಗ ಬ್ಯಾರೆ ಜಾಗಾನೇ ಇಲ್ಲ. ರಸ್ತೆದಾಗ ಆಡಿದ್ರ ಆಟೋದವರು ಬೈತಾರ, ಪಾರ್ಕಿನಾಗ ವಾಚಮನ್ ಬೈತಾನ.”

“ಮನ್ಯಾಗ?”

“ಮನ್ಯಾಗ ಅಮ್ಮೀ ಬೈತಾಳ್ರಿ.”

ವಿಮಲಾಬಾಯಿಗೆ ನಗು ಬಂತು. ಅವಳ ಕೈಯಲ್ಲಿದ್ದ ಬೋರ್ಡನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು ಒಂದು ಗಾಲಿಯನ್ನು ಬೆರಳಿನಿಂದ ತಿರುಗಿಸಿದರು. ಆ ಸದ್ದಿಗೆ ಕಮಲಾಪುರ ಎದ್ದು ಬಂತು.

ಅದು ಅವರ ತವರೂರು. ಗ್ಯಾರೇಜಿನ ನಬಿಸಾಬ್ ಕೊಟ್ಟ ಹಳೆಯ ಬೇರಿಂಗುಗಳನ್ನು ಹಲಗೆಗೆ ಸಿಕ್ಕಿಸಿ ಅಣ್ಣ ಗಾಡಿ ಮಾಡಿದ್ದ. ಸಂತೆಯ ಇಳಿಜಾರಿನಲ್ಲಿ ಅವನು ದಬ್ಬುತ್ತಿದ್ದ, ಎರಡು ಜಡೆಯ ವಿಮಲಾ ಕೂಡುತ್ತಿದ್ದಳು. ಗರ್ರೆನ್ನುವ ಸದ್ದು ಕೇಳಿದ್ದೇ ತಡ, ಕೆಂಪು ಬಾಳೆಹಣ್ಣು ಮಾರುವ ಸಾಯಬಣ್ಣ ದಾರಿಗೆ ಚಾಚಿದ ಬುಟ್ಟಿಗಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. “ಬಂತು ನೋಡ್ರಿ ಮೇಲ್ ಗಾಡಿ, ಸರೀರಿ” ಎಂದು ಗಿರಾಕಿಗಳನ್ನೂ ಸರಿಸುತ್ತಿದ್ದ. ಬಯ್ಯುತ್ತಿರಲಿಲ್ಲವೆಂದಲ್ಲ, ಬಯ್ಯುತ್ತಲೇ ಸರಿಸುತ್ತಿದ್ದ. ಈಗ ಅಲ್ಲಿ ತುಂಬ ಅಂಗಡಿಗಳು. ಕಳೆದ ಸಲ ಬಸ್ಸಿಳಿದು ಹುಡುಕಿದರೂ ಆ ಇಳಿಜಾರು ಎಲ್ಲಿತ್ತೆಂದು ವಿಮಲಾಬಾಯಿಗೆ ಗುರುತು ಹತ್ತಿರಲಿಲ್ಲ.

ಸಂಜೆ ಅವರು ಮಕ್ಕಳನ್ನೂ ಮಂಡಳಿಯ ಗೆಳತಿ ನಾಗರತ್ನಾಳನ್ನೂ ಕರೆದುಕೊಂಡು ದೇವಿಂದ್ರಪ್ಪನ ಮನೆಗೆ ಹೋದರು.

“ಏನ್ರಿ ಆಯಿ, ಶೆಡ್ಡ ಶೆಡ್ಡ ಅಂತ ನನ್ನ ಚಪ್ಪಲಿ ಸವಿಸಿದ್ರಿ. ಈಗ ಬ್ಯಾಡ ಅಂತೀರಿ?”

“ಬೇವಿನ ಗಿಡದ ಕಡೀಗೆ ಸರಿಸಪಾ, ಸಾಕು.”

“ಜಾಗಾ ಬದಲಾದ್ರ ಮಂಜೂರಿ ಹೋಗ್ತದ್ರಿ. ಮತ್ತ ಮೊದಲಿಂದ ಕೇಳಬೇಕು. ಬರ್ತದೋ ಇಲ್ಲೋ.”

ನಾಗರತ್ನಾ ಸೆರಗು ಜಗ್ಗಿದಳು. “ಅಕ್ಕಾ, ಮತ್ತ ಬಿಸಲಾಗ ಕುಂದ್ರೂದೇನು?”

ಆ ನೆರಳಿಗಾಗಿ ವಿಮಲಾಬಾಯಿ ದೇವರಲ್ಲೂ ಬೇಡಿಕೊಂಡಿದ್ದರು.

“ನಾವು ಚಾಪಿ ಎತ್ಕೊಂಡು ಗಿಡದ ಬುಡಕ ಹೋಗಬಹುದು, ನಾಗರತ್ನಾ. ಇವರ ಗಾಲಿ ಮಣ್ಣಾಗ ಉರುಳ್ತಾವೇನು?” ಎಂದವರು ದೇವಿಂದ್ರಪ್ಪನತ್ತ ತಿರುಗಿದರು. “ಶೆಡ್ಡ ಬ್ಯಾಡ. ಆ ಅಂಗಳ ಮಕ್ಕಳ ಆಟಕ್ಕಂತ ಫಲಕ ಬರೆಸಿ ಹಾಕು. ಹಾಕೂತನಕ ನಿನ್ನ ಚಪ್ಪಲಿ ಸವಿಸ್ತೀವಿ, ಎಲ್ಲಾರೂ ಕೂಡಿ.”

ಹಾಗೆಯೇ ಸವೆಸಿದರು. ಫರ್ಹೀನಳ ಅಮ್ಮೀ ಕೂಡ ಎರಡು ಸಲ ಬಂದಳು. ಮಳೆಗಾಲ ಮುಗಿಯುವ ಹೊತ್ತಿಗೆ ಅಂಗಳದ ಗೋಡೆಯ ಮೇಲೆ ಆ ಫಲಕ ಬಂತು.

ಅದು ಬಂದ ಮೊದಲ ಸೋಮವಾರ ಮಂಡಳಿ ಬೇವಿನ ಕೆಳಗೆ ಕೂತಿತು. ಭಜನೆ ಶುರುವಾದೊಡನೆ ಫರ್ಹೀನ್ ಮಕ್ಕಳನ್ನೆಲ್ಲ ನಿಲ್ಲಿಸಿದಳು. ವಿಮಲಾಬಾಯಿ ಹಾಡು ಬಿಡದೆ, ತಾಳ ಹಿಡಿದ ಕೈಯಿಂದಲೇ ಆಡಿರೆಂದು ಸನ್ನೆ ಮಾಡಿದರು. ಬೋರ್ಡೊಂದು ಗರ್ರೆಂದು ಗಿಡದ ಕಡೆಗೇ ಬಂತು. ನಾಗರತ್ನಾ ಬಯ್ಯುತ್ತಲೇ ಚಾಪೆಯನ್ನು ಹಿಂದಕ್ಕೆ ಎಳೆದುಕೊಂಡಳು.