ಅಳತೆಗೆ ಸಿಗದ ಉಚ್ಚೆ

ನಮ್ಮ ಯಜಮಾನರ ಕಾಲು ಊದಿದ್ದು ಮೊದಲು ಗೊತ್ತಾಗಿದ್ದು ಅವರ ಚಪ್ಪಲಿಯಿಂದ. ಹಿಮ್ಮಡಿ ಹೊರಗೆ ನಿಂತಿತ್ತು, ಮುಂದಿನ ಪಟ್ಟಿ ಮಾಂಸದೊಳಗೆ ಹೂತಿತ್ತು. ಚಪ್ಪಲಿ ಬಿಸಿಲಿಗೆ ಕುಗ್ಗಿದೆ ಅಂದರು. ಆಮೇಲೆ ಬೆಳಿಗ್ಗೆ ಎದ್ದರೆ ಕಣ್ಣಿನ ಕೆಳಗೆ ಬಾತಿರುತ್ತಿತ್ತು. ಅದಕ್ಕೆ ನಿದ್ದೆ ಜಾಸ್ತಿ ಆಯಿತು ಅಂದರು. ಮುದ್ದೆ ಸೇರದೆ ವಾಂತಿ ಮಾಡಿಕೊಂಡ ದಿನ ನಾನು ಅವರ ಮಾತು ಕೇಳಲಿಲ್ಲ. ಮಗನ ಕೈಲಿ ಆಟೋ ತರಿಸಿ ತಿಪಟೂರಿನಲ್ಲಿ ಆಸ್ಪತ್ರೆಗೆ ಸೇರಿಸಿದೆ.

ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರು, ಎರಡು ಕಿಡ್ನಿಯೂ ಸೋತಿವೆ, ಮೈಯಲ್ಲಿ ನೀರು ನಿಂತಿದೆ ಅಂದರು. ಔಷಧಿಗೆ ಉಚ್ಚೆ ಹೆಚ್ಚಾದರೆ ಇಲ್ಲೇ ನೋಡಿಕೊಳ್ಳಬಹುದು. ಆಗದಿದ್ದರೆ ತುಮಕೂರಿಗೆ ಹೋಗಿ ಮಿಷನ್ನಿನಲ್ಲಿ ರಕ್ತ ಶುದ್ಧಿ ಮಾಡಿಸಬೇಕು. ನಮ್ಮ ಬೀದಿಯಲ್ಲೊಬ್ಬರು ಹಾಗೆ ಹೋಗಿಬಂದು ಮಾಡುತ್ತಿದ್ದರು. ಸೂಜಿ ಹಾಕುವ ಅವರ ಕೈಯ ನರ ಹಗ್ಗದ ಹಾಗೆ ಉಬ್ಬಿತ್ತು. ಯಜಮಾನರಿಗೆ ಆ ಕೈ ಕಂಡರೆ ಭಯ. ತಮ್ಮ ಮುಂಗೈಯನ್ನು ಸವರಿಕೊಳ್ಳುತ್ತಾ ಮಂಚದ ಮೇಲೆ ಕೂತಿದ್ದರು.

ವಾರ್ಡಿನ ನರ್ಸು ಹುಳಿಯಾರು ಕಡೆಯ ಹುಡುಗಿ. ನಮ್ಮ ಮೊಮ್ಮಗಳಿಗಿಂತ ಸ್ವಲ್ಪ ದೊಡ್ಡವಳು ಅಷ್ಟೇ. ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತಳು.

"ತಾತ, ಒಂದಕ್ಕೆ ಸರಿಯಾಗಿ ಹೋಗ್ತಿದ್ದೀರಾ?"

"ಹೋಗ್ತೀನಿ."

"ಉರಿ ಐತಾ? ತಿಣುಕ್ಬೇಕಾ?"

"ಇಲ್ಲ."

"ಬಣ್ಣ ಹೆಂಗೈತೆ? ನೊರೆ ಬತ್ತದಾ?"

ಯಜಮಾನರು ಗೋಡೆ ಕಡೆ ತಿರುಗಿದರು. ಅವರು ಹೇಳುವುದಿಲ್ಲ ಅಂತ ನನಗೆ ಗೊತ್ತಾಯಿತು.

"ಬತ್ತದೆ ಕಣವ್ವ," ಅಂದೆ. "ಬಚ್ಚಲಲ್ಲಿ ಸೋಪು ಕದಡಿದಂಗೆ ನಿಂತಿರ್ತದೆ. ನೀರು ಹುಯ್ದ್ರೂ ಹೋಗಕಿಲ್ಲ."

"ಲೇ, ಬಾಯ್ಮುಚ್ಚೇ."

"ಮುಚ್ಕೊಂಡಿದ್ದಕ್ಕೇ ಇಲ್ಲಿಗ್ ಬಂದಿರೋದು."

ನೋವಿನ ಮಾತ್ರೆ ತಗೋತಿದ್ರಾ ಅಂತ ಕೇಳಿದಳು. ಅದಕ್ಕೂ ಇಲ್ಲ ಅಂದರು. ನಾನು ಅವರ ಅಂಗಿ ಜೇಬಿನಿಂದ ಮಾತ್ರೆಯ ಹಾಳೆ ತೆಗೆದು ಅವಳ ಕೈಗಿಟ್ಟೆ. ಮಂಡಿ ನೋವು ಅಂತ ಅಂಗಡಿಯಲ್ಲಿ ಕೇಳಿ ತಂದು, ವರ್ಷಗಟ್ಟಲೆ ಕಡಲೆ ತಿಂದ ಹಾಗೆ ತಿಂದಿದ್ದರು. ಹುಡುಗಿ ಬಯ್ಯಲಿಲ್ಲ. "ಇದು ಮಂಡಿ ಕಾಯ್ತು, ಕಿಡ್ನಿ ತಿಂತು ತಾತ. ಇನ್ ಮುಟ್ಬೇಡಿ," ಅಂದಳು.

ಆಮೇಲೆ ಮೊಣಕಾಲ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಬಿಟ್ಟಳು. ಗುಂಡಿ ಹಾಗೇ ಉಳಿಯಿತು, ಬಿಸಿ ಮುದ್ದೆಯ ಮೇಲೆ ಬೆರಳೊತ್ತಿದ ಹಾಗೆ. ಕಿಬ್ಬೊಟ್ಟೆ ಮುಟ್ಟಿ ಉಚ್ಚೆ ಕಟ್ಟಿಕೊಂಡಿದೆಯಾ ನೋಡಿದಳು. ಬೆನ್ನಿನಲ್ಲಿ ಪಕ್ಕೆಲುಬು ಮುಗಿಯುವ ಕಡೆ ಅಂಗೈ ಇಟ್ಟು, ಅದರ ಮೇಲೆ ಮೆಲ್ಲಗೆ ಗುದ್ದಿದಳು.

"ಏನವ್ವ, ಅಟ್ಟದ ಕಾಯಿ ಅಲ್ಲಾಡ್ಸಿ ಕೊಬ್ಬರಿ ಆಗೈತಾ ಅಂತ ನೋಡ್ದಂಗೆ ನೋಡ್ತೀಯಲ್ಲ," ಅಂದರು ಯಜಮಾನರು.

"ಆಗೈತಾ ತಾತ?"

"ಇನ್ನೂ ನೀರೈತೆ."

ಆಸ್ಪತ್ರೆಗೆ ಬಂದ ಮೇಲೆ ಅವರ ಬಾಯಲ್ಲಿ ನಗು ಬಂದಿದ್ದು ಅದೇ ಮೊದಲು.

ಹೋಗುವ ಮುಂಚೆ ಹುಡುಗಿ ಅಳತೆಯ ಗೆರೆಗಳಿದ್ದ ಪ್ಲಾಸ್ಟಿಕ್ ಜಗ್ಗೊಂದನ್ನು ಮಂಚದ ಕೆಳಗಿಟ್ಟಳು. ಕುಡಿದದ್ದೆಷ್ಟು, ಹೊರಗೆ ಹೋದದ್ದೆಷ್ಟು, ಎರಡೂ ಗೊತ್ತಾಗಬೇಕು. ಪೂರ್ತಿ ಇದಕ್ಕೇ ಹುಯ್ಯಬೇಕು, ನಾನೇ ಬಂದು ನೋಡಿ ಚೆಲ್ಲುತ್ತೇನೆ ಅಂದಳು. ಎಳನೀರು ಕೂಡದು ಅಂತಲೂ ಹೇಳಿದಳು. ಅದರಲ್ಲಿ ಪೊಟ್ಯಾಸಿಯಂ ಅನ್ನೋ ಒಂದು ಥರದ ಉಪ್ಪಿದೆಯಂತೆ. ಕಿಡ್ನಿ ಸೋತವರಿಗೆ ಅದು ರಕ್ತದಲ್ಲೇ ನಿಂತು ಗುಂಡಿಗೆಯನ್ನೇ ನಿಲ್ಲಿಸಬಹುದಂತೆ.

ನಮ್ಮ ಕಡೆ ಇದನ್ನು ಯಾರು ನಂಬುತ್ತಾರೆ? ಉಚ್ಚೆ ಕಟ್ಟಿದರೆ ಎಳನೀರು, ಉರಿ ಬಂದರೆ ಎಳನೀರು. ನೋಡಲು ಬಂದವರೆಲ್ಲ ಗೊನೆ ಹೊತ್ತುಕೊಂಡೇ ಬಂದರು. ಬೇಡ ಅಂದರೆ ಮುಖ ಊದಿಸುತ್ತಾರೆ. "ಅವ್ರಿಗ್ ಬ್ಯಾಡ, ನಂಗ್ ಕೊಡಿ," ಅಂತ ಕುಡಿದು ಕುಡಿದು ಬಚ್ಚಲಿಗೆ ನಾನೇ ಓಡುವ ಹಾಗಾಯಿತು. ಓಡಬೇಕಾದವರ ಜಗ್ಗಿನಲ್ಲಿ ಮಾತ್ರ ಅಡಿ ಮುಚ್ಚುವಷ್ಟೇ.

ಮಾರನೆಯ ದಿನವೂ ಅಷ್ಟೇ. ಡಾಕ್ಟರು ಅದನ್ನು ನೋಡಿ, ಹೀಗೇ ಇದ್ದರೆ ನಾಳೆ ತುಮಕೂರಿಗೆ ಕಳಿಸೋಣ ಅಂದರು. ಯಜಮಾನರು ಮುಂಗೈ ಸವರಿಕೊಂಡರು.

ಸಂಜೆ ಹುಡುಗಿ ಅವರನ್ನು ತೂಕಕ್ಕೆ ನಿಲ್ಲಿಸಿದಳು. ತೂಕ ಇಳಿದಿತ್ತು. ಕಾಲು ಒತ್ತಿದಳು. ಗುಂಡಿ ಬಿತ್ತು, ಆದರೆ ಬೇಗ ತುಂಬಿಕೊಂಡಿತು. ಕಿಬ್ಬೊಟ್ಟೆ ಮೆತ್ತಗಿತ್ತು. ಅವರನ್ನು ಮಂಚಕ್ಕೆ ಬಿಟ್ಟು ನನ್ನನ್ನು ವರಾಂಡಕ್ಕೆ ಕರೆದಳು.

"ಅಜ್ಜಿ, ಲೆಕ್ಕ ಹೊಂದ್ತಿಲ್ಲ. ಮೈಯಾಗಿನ್ ನೀರು ಇಳೀತೈತೆ, ಒಳಗೆ ಕಟ್ಕೊಂಡೂ ಇಲ್ಲ, ಜಗ್ಗಿಗೂ ಬಂದಿಲ್ಲ. ಎಲ್ಲಿಗೋಯ್ತು?"

ನನಗೆ ಆಗ ಹೊಳೆಯಿತು. ಅವರು ಗಾಳಿಗೆ ಅಂತ ಆಗಾಗ ಆಸ್ಪತ್ರೆಯ ಹಿತ್ತಲಿಗೆ ಹೋಗುತ್ತಿದ್ದರು. ಅಲ್ಲಿ ಕಾಂಪೌಂಡಿನ ಪಕ್ಕ ಯಾರೋ ನೆಟ್ಟ ತೆಂಗಿನ ಸಸಿಯೊಂದಿತ್ತು. ನಮ್ಮ ಕಡೆಯ ಗಂಡಸರೇ ಹಾಗೆ. ತೋಟಕ್ಕೆ ಹೋದರೆ ಬರಿ ನೆಲಕ್ಕೆ ಹುಯ್ಯುವುದಿಲ್ಲ, ತೆಂಗಿನ ಬುಡ ಹುಡುಕುತ್ತಾರೆ. ಗಿಡಕ್ಕೆ ಉಪ್ಪು ಬೇಕು, ಸುಮ್ಮನೆ ಯಾಕೆ ದಂಡ ಮಾಡುವುದು ಅನ್ನುವ ಲೆಕ್ಕ. ಇವರೂ ನಮ್ಮ ಮಗ ಚಡ್ಡಿ ಹಾಕುವ ಮೊದಲೇ ಅವನಿಗೊಂದು ಸಸಿ ತೋರಿಸಿ ಕಲಿಸಿದ್ದರು.

ಸ್ವಲ್ಪ ಹೊತ್ತಿಗೆ ಮಂಚ ಖಾಲಿಯಾಗಿತ್ತು. ಹಿತ್ತಲಿಗೆ ಹೋದೆ. ಸಿಕ್ಕಿದರು. ಪಂಚೆ ಸರಿಮಾಡಿಕೊಳ್ಳುತ್ತಿದ್ದರು, ಸಸಿಯ ಬುಡ ಒದ್ದೆಯಾಗಿತ್ತು.

"ಇಲ್ಲೇನ್ರೀ ಮಾಡ್ತಿದ್ದೀರಿ?"

"ಸಸಿ ಹಳದಿ ತಿರುಗೈತೆ ಕಣೇ. ಯಾರೂ ನೋಡ್ಕೊಳೋರಿಲ್ಲ."

"ಸಸಿ ಹಾಳಾಗ್ ಹೋಗ್ಲಿ. ಜಗ್ಗಿಗ್ಯಾಕೆ ಹುಯ್ಯಲ್ಲ?"

"ಅದಕ್ಕೂ ಹುಯ್ತೀನಿ. ಒಸಿ."

"ಒಸಿ ಯಾಕೆ?"

ಸಸಿಯ ಗರಿಯನ್ನು ಹಿಡಿದು ನಿಂತರು. "ಆ ನರ್ಸು ಮಗ ಬಂದು ಜಗ್ಗು ಎತ್ಕೊಂಡು, ಕಣ್ಮುಂದೆ ಹಿಡ್ಕೊಂಡು ನೋಡ್ತದೆ. ನಮ್ಮ ಮೊಮ್ಮಗಳ ವಾರಿಗೆ. ನನ್ನ ಉಚ್ಚೆನ ಅದರ ಕೈಲಿ ಎತ್ಸೋದಾ?"

ಚೆನ್ನಾಗಿ ಬಯ್ಯಬೇಕು ಅಂತ ಹೋಗಿದ್ದೆ. ಆದರೆ ಈ ಮನುಷ್ಯ ಹಾಸಿಗೆ ಹಿಡಿದಾಗಲೂ ಗೋಡೆ ಹಿಡಿದುಕೊಂಡು ಬಚ್ಚಲಿಗೆ ತಾವೇ ಹೋದವರು, ನನ್ನ ಕೈಯನ್ನೂ ಹಿಡಿಯಲಿಲ್ಲ. "ತುಮಕೂರಲ್ಲಿ ಸೂಜಿ ಹಾಕೋರೂ ಹೆಣ್ಮಕ್ಳೇ. ಅಲ್ಲಿ ಯಾವ ಸಸಿ ಹುಡುಕ್ತೀರಿ?" ಅಂದೆ ಅಷ್ಟೇ. ಗರಿ ಬಿಟ್ಟು ನನ್ನ ಹಿಂದೆ ಬಂದರು.

ಹುಡುಗಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ, ನಗಲಿಲ್ಲ. ಡಾಕ್ಟರಿಗೆ ಫೋನು ಮಾಡಿ ತಿಳಿಸಿದಳು. ಆಮೇಲೆ ಜಗ್ಗನ್ನು ತಂದು ಯಜಮಾನರ ಕೈಗೇ ಕೊಟ್ಟಳು.

"ತಾತ, ನಾನು ಮುಟ್ಟಲ್ಲ. ಬಚ್ಚಲಿಗ್ ತಗೊಂಡೋಗಿ, ಬಾಗ್ಲಾಕ್ಕೊಳಿ. ಗೆರೆ ನೀವೇ ನೋಡಿ, ನೀವೇ ಚೆಲ್ಲಿ. ಎಷ್ಟಾಯ್ತು ಅಂತ ನಂಗೆ ಹೇಳಿದ್ರೆ ಸಾಕು. ಬೇಕಾದ್ರೆ ಅಜ್ಜಿ ನೋಡ್ಲಿ."

"ಇವಳೂ ಬ್ಯಾಡ."

"ಆಯ್ತು, ಅಜ್ಜೀನೂ ಬ್ಯಾಡ. ಆದ್ರೆ ಸಸಿಗೆ ಒಂದ್ ತೊಟ್ಟೂ ಇಲ್ಲ."

"ಒಣಗ್ತದೆ ಅದು."

"ನಾನ್ ನೀರಾಕ್ತೀನಿ ಬುಡಿ."

ಅಲ್ಲಿಂದ ಮುಂದೆ ಬಚ್ಚಲಿಂದ ಬಂದವರೇ ಹರಾಜು ಕೂಗಿದ ಹಾಗೆ ಅಳತೆ ಹೇಳತೊಡಗಿದರು. ಪಕ್ಕದ ಮಂಚದವರಿಗೂ ಬಾಯಿಪಾಠ ಆಗಿತ್ತು. ಮಾರನೆಯ ದಿನ ಡಾಕ್ಟರು ಅಳತೆಯನ್ನೂ ಹೊಸ ರಕ್ತ ಪರೀಕ್ಷೆಯನ್ನೂ ನೋಡಿ, ತುಮಕೂರು ಈಗ ಬೇಡ ಅಂದರು. ಆಮೇಲೂ ಬೇಕಾಗಲಿಲ್ಲ. ಪೂರ್ತಿ ವಾಸಿ ಅಂತ ಮಾತ್ರ ಯಾರೂ ಹೇಳಲಿಲ್ಲ, ಉಳಿದಿರುವಷ್ಟನ್ನು ಕಾಪಾಡಿಕೊಳ್ಳಿ ಅಂದರು. ಹೊರಡುವಾಗ ಯಜಮಾನರು ಹಿತ್ತಲಿಗೆ ಹೋಗಿ ಬಂದರು. "ನೀರು ಹಾಕವಳೆ," ಅಂದರು.

ಈಗ ನೋವಿನ ಮಾತ್ರೆ ಇಲ್ಲ. ಸಾರಿಗೆ ಉಪ್ಪಿಲ್ಲ ಅಂತ ದಿನಾ ಬಯ್ಯುತ್ತಾರೆ, ಬಯ್ಯಲಿ. ತೋಟದಲ್ಲಿ ಯಾವ ಬುಡಕ್ಕೆ ಹುಯ್ಯುತ್ತಾರೋ ನಾನು ಕೇಳುವುದಿಲ್ಲ. ಆದರೆ ಬೆಳಿಗ್ಗೆ ಜಗಲಿಯ ಮೇಲೆ ಕೂತು ಕಾಲು ಚಾಚುತ್ತಾರೆ. ಆ ಹುಡುಗಿ ಒತ್ತಿದ ಜಾಗದಲ್ಲೇ ನಾನು ಹೆಬ್ಬೆರಳು ಒತ್ತಿ ಬಿಡುತ್ತೇನೆ. ಗುಂಡಿ ಬಿದ್ದರೆ ತಿಪಟೂರಿನ ಬಸ್ಸು, ಬೀಳದಿದ್ದರೆ ಕಾಫಿ.

"ಏನಾಯ್ತೇ?" ಅಂತ ಕೇಳುತ್ತಾರೆ, ತೋಟದ ಕಡೆ ನೋಡಿಕೊಂಡು.

"ಕಾಫಿ," ಅಂತೀನಿ.