ಸೋಫಾದಡಿಯ ಗಜ್ಜುಗ

ಈ ಸಂಗತಿಯನ್ನು ಹೇಳಬೇಕೆಂದು ನಾಲ್ಕು ವರ್ಷಗಳಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಮೊದಲು ಮಂಡಿನೋವು ಎಂದೆ, ಆಮೇಲೆ ರಂಜಾನ್ ಮುಗಿಯಲಿ ಎಂದೆ, ಆಮೇಲೆ ಸೆಕೆ ಕಡಿಮೆಯಾಗಲಿ ಎಂದೆ. ಅಬುಧಾಬಿಯಲ್ಲಿ ಸೆಕೆ ಕಡಿಮೆಯಾಗಲೆಂದು ಕಾದು ಕುಳಿತವನ ಕೆಲಸ ಆದ ಹಾಗೆಯೇ! ಇವತ್ತು ಮಗಳು ಗುಡಿಸಲೆಂದು ಸೋಫಾ ಎಳೆದಳು. ಅಡಿಯಲ್ಲಿ ಬೂದುಬಣ್ಣದ ಒಂದು ಗಜ್ಜುಗದ ಕಾಯಿ. ಹೆಕ್ಕಲು ಮೊಣಕಾಲೂರಿದೆ. ಊರಿದವನು ಅಲ್ಲೇ ಉಳಿದೆ.

ಹಮ್ದಾನ್ ಸ್ಟ್ರೀಟಿನ ಅಂಗಡಿಯೊಂದರಲ್ಲಿ ಸ್ಟೋರ್‌ಕೀಪರ್ ಆಗಿದ್ದು ನಿವೃತ್ತನಾದ ಮೇಲೆ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಮಗಳ ಮನೆಯಲ್ಲಿ ನನ್ನ ವಾಸ. ಆಗ ಕೆಳಗಿನ ಮನೆಯಲ್ಲಿ ನೈಜೀರಿಯಾದವರಿದ್ದರು: ಗಂಡ, ಹೆಂಡತಿ, ಎಂಟು ವರ್ಷದ ಮಗಳು. ಹುಡುಗಿಗೆ ಶಾಲೆಯಲ್ಲೊಂದು ಹೆಸರು, ಅಮ್ಮ ಮುದ್ದಿಗೆ ಕರೆಯುವುದು ಇನ್ನೊಂದು. ಅಮ್ಮ ಅದನ್ನು ರಾಗವೆಳೆದು ಕರೆದರೆ ಹುಡುಗಿಯ ಮುನಿಸೆಲ್ಲ ಕರಗುತ್ತಿತ್ತು. ಸಂಜೆ ತಾಯಿ ಮಗಳು ಅಂಗಳದಲ್ಲಿ ಎದುರುಬದುರು ನಿಂತು, ಚಪ್ಪಾಳೆ ತಟ್ಟುತ್ತಾ ಹಾರಿ, ಥಟ್ಟನೆ ಒಂದು ಕಾಲು ಮುಂದಿಡುವ ಆಟ ಆಡುತ್ತಿದ್ದರು. ತಾಯಿ ನರ್ಸು, ಡ್ಯೂಟಿಯ ಯೂನಿಫಾರ್ಮಿನಲ್ಲೇ ಹಾರುತ್ತಿದ್ದಳು. ನಾನು ನನ್ನ ಮಗಳ ಜೊತೆ ಹೀಗೆ ಹಾರಿದ್ದು ನೆನಪಿಲ್ಲ. ರಜೆಯಲ್ಲಿ ಊರಿಗೆ ಹೋಗಿ, ಅವಳ ಕೈಗೊಂದು ಗೊಂಬೆ ಕೊಟ್ಟು ಮಲಗಿ ನಿದ್ದೆ ಹೊಡೆದವನು ನಾನು.

ಒಂದು ದಿನ ಹುಡುಗಿ ಗುಳಿಗಳಿದ್ದ ಮರದ ಮಣೆಯನ್ನು ಎತ್ತಿಕೊಂಡು ಮೇಲೆ ಬಂದಳು. "ಗ್ರ್ಯಾಂಡ್‌ಪಾ, ಅಯೊ ಆಡ್ತೀರಾ?" ನೋಡಿದರೆ ನಮ್ಮ ಚೆನ್ನೆಮಣೆ! ಸಾಲಿಗೆ ಏಳರ ಬದಲು ಆರು ಗುಳಿ, ಕೆಂಪು ಮಂಜೊಟ್ಟಿ ಬೀಜದ ಬದಲು ಗಜ್ಜುಗ, ಅಷ್ಟೇ. ನಮ್ಮಲ್ಲಿ ಆ ಮಣೆ ಅಟ್ಟದಿಂದ ಇಳಿಯುವುದು ಜಡಿಮಳೆಯ ಆಟಿ ತಿಂಗಳಲ್ಲಿ ಮಾತ್ರ. ಆ ಒಂದೇ ತಿಂಗಳಲ್ಲಿ ನನ್ನಜ್ಜಿಯನ್ನು ಸೋಲಿಸಿದವನು ನಾನು. ಅಂಥವನು ಎಂಟು ವರ್ಷದವಳ ಹತ್ತಿರ ನಿಯಮ ಕೇಳುವುದುಂಟೇ, ನೀವೇ ಹೇಳಿ!

ಎರಡು ಆಟ ಸೋತೆ. ಮೂರನೆಯದರಲ್ಲಿ ಅವಳು ನನ್ನ ಗುಳಿಗೆ ಕೈಹಾಕಿ ಮೂರು ಕಾಯಿ ಎತ್ತಿಕೊಂಡಳು. ನಮ್ಮಲ್ಲಿ ಹಾಗಿಲ್ಲ.

"ಚೀಟಿಂಗ್!" ಎಂದೆ.

"ನೋ, ಗ್ರ್ಯಾಂಡ್‌ಪಾ. ನನ್ನ ಕೊನೇ ಕಾಯಿ ಬಿದ್ದು ಅಲ್ಲಿ ಮೂರಾಯ್ತು. ಅದು ನಂದು."

"ಕಳ್ಳಿ! ನಾನು ಇದನ್ನು ಆಡುವಾಗ ನಿನ್ನಪ್ಪ ಹುಟ್ಟಿರಲಿಲ್ಲ."

"ನೀವೇ ರಾಂಗ್!" ಅವಳೂ ಕೂಗಿದಳು.

ನಾನು ಮಣೆಯನ್ನು ತಳ್ಳಿದೆ. ಕಾಯಿಗಳು ಚೆಲ್ಲಾಪಿಲ್ಲಿಯಾದವು. ಅದೇ ಹೊತ್ತಿಗೆ ಹುರಿದ ಬಾಳೆಹಣ್ಣಿನ ತಟ್ಟೆ ಹಿಡಿದು ಬಾಗಿಲಿಗೆ ಬಂದ ತಾಯಿಗೆ ಕೇಳಿಸಿದ್ದು ಮಗಳ ಕೂಗು ಮಾತ್ರ. ಅವರಲ್ಲಿ ಹಿರಿಯರಿಗೆ ಎದುರಾಡುವುದು ದೊಡ್ಡ ತಪ್ಪು. "ಮೊಣಕಾಲೂರು," ಎಂದಳು, ಮೆತ್ತಗೆ. ಹುಡುಗಿ ಏನೋ ಹೇಳಲು ಬಾಯಿ ತೆರೆದಳು, ಮುಚ್ಚಿದಳು, ಊರಿದಳು.

"ಸಾರಿ, ಗ್ರ್ಯಾಂಡ್‌ಪಾ."

ನಾನು ಧಾರಾಳವಾಗಿ ಕ್ಷಮಿಸಿದೆ. ಬಾಳೆಹಣ್ಣನ್ನೂ ತಿಂದೆ.

ಮಾರನೆಯ ದಿನ ಮೆಟ್ಟಿಲಲ್ಲಿ ಸಿಕ್ಕ ಅವಳಪ್ಪ ನಗುತ್ತಾ ಅವರ ಆಟದ ನಿಯಮ ವಿವರಿಸಿದ. ಹುಡುಗಿ ಹೇಳಿದ್ದೇ ಸರಿ. ಆ ಸಂಜೆಯೇ ನಾನು ತಪ್ಪೊಪ್ಪಿಕೊಳ್ಳಬೇಕಿತ್ತು. ಆದರೆ ಅವಳು ಏನೂ ಆಗದವಳಂತೆ ಮಣೆ ತಂದಳು, ನಾನೂ ಏನೂ ಆಗದವನಂತೆ ಸೋತೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ಅಂಥ ಎಷ್ಟೋ ನಾಳೆಗಳು ಕಳೆದು ಅವರು ಲಾಗೋಸಿಗೆ ಹೊರಟರು. ಹೊರಡುವ ದಿನ ಅವಳು, "ಒಂದು ಕಾಯಿ ಕಡಿಮೆ ಇದೆ, ಗ್ರ್ಯಾಂಡ್‌ಪಾ" ಎಂದಳು. "ನನ್ನನ್ನು ನೋಡಬೇಡ, ನಾನೇನು ಕಳ್ಳನಾ?" ಎಂದು ತಮಾಷೆ ಮಾಡಿದೆ. ಅವಳು ನಗಲಿಲ್ಲ.

"ಅಪ್ಪಾ, ನೆಲದಲ್ಲಿ ಎಂಥ ಮಾಡ್ತಿದ್ದೀರಿ? ಏಳ್ಲಿಕ್ಕೆ ಆಗುದಿಲ್ವಾ?" ಮಗಳು ಪೊರಕೆ ಹಿಡಿದೇ ಕೇಳಿದಳು.

"ಆಗ್ತದೆ. ಎದ್ದರೆ ಮತ್ತೆ ನಾಳೆ ಅಂತೇನೆ. ಕೆಳಗಿನ ಮನೆಯಲ್ಲಿದ್ದ ಆ ನರ್ಸಮ್ಮನ ನಂಬರ್ ಇದೆಯಲ್ಲ, ಫೋನ್ ಮಾಡು."

"ಮಾಡುವ. ಮೇಲೆ ಕೂತು ಮಾತಾಡಿ ಮಾರಾಯ್ರೆ!"

"ಬೇಡ. ಹೀಗೇ ಸರಿ."

ಫೋನು ರಿಂಗಾಗತೊಡಗಿತು. ಹುಡುಗಿಗೀಗ ಹನ್ನೆರಡು. ನೆನಪಿದೆಯೋ ಇಲ್ಲವೋ. ಮುಷ್ಟಿಯಲ್ಲಿ ಗಜ್ಜುಗ ಬೆಚ್ಚಗಾಗಿತ್ತು. ಅವಳಮ್ಮನ ಹಾಗೆ ರಾಗವೆಳೆಯಲು ನನಗೆ ಬಾರದು. ಆದರೂ ಆಚೆಯಿಂದ ಹಲೋ ಬರುವ ಮೊದಲು ಆ ಮುದ್ದಿನ ಹೆಸರನ್ನು ಒಮ್ಮೆ ಮೆಲ್ಲಗೆ ಹೇಳಿ ನೋಡಿಕೊಂಡೆ: ಅಬೇಕೆ.