ಹಿಂದಿರುಗದವನ ಹಸಿರು ಬಿಲ್ಲೆ

ಕಳೆದ ಜನವರಿಯ ಮೂರನೇ ಶನಿವಾರ ಅಂಟಾರ್ಕ್ಟಿಕಾದ ಒಂದು ಸಂಶೋಧನಾ ಕೇಂದ್ರದಲ್ಲಿ ತಂತ್ರಜ್ಞ ವಸಂತ ಪೂಜಾರಿ ಹಿಮಗಾಳಿಗೆ ಸಿಕ್ಕಿ ಹೊರಗೆ ಉಳಿದರು. ಅವರು ಒಳಗಿದ್ದಾರೆಂದೇ ಕೇಂದ್ರ ನಂಬಿತ್ತು. ಅವರ ಬಲಗೈಯ ಎರಡು ಬೆರಳು ಹೋದವು. ತಪ್ಪು ಅವರದೇ ಎಂದು ವರದಿ ಹೇಳುತ್ತದೆ. ಆ ದಿನ ನಾನು ಅಲ್ಲಿದ್ದೆ.

ನಾವು ಹೊರಟದ್ದು ದೋಹಾದಿಂದ. ವಸಂತ ಕಾಪುವಿನವರು, ಅಲ್ಲಿನ ಕಾರ್ಮಿಕರ ವಸತಿ ಬರ್ವಾ ಅಲ್ ಬರಾಹಾದಲ್ಲಿ ನಾಲ್ವರ ಕೋಣೆಯಲ್ಲಿ ವಾಸ. ಕೇಂದ್ರದ ಜನರೇಟರುಗಳನ್ನು ನೋಡಿಕೊಳ್ಳುವ ಗುತ್ತಿಗೆ ಅವರ ಕಂಪನಿಯದು. ನಾನು ದೋಹಾದ ಐನ್ ಖಾಲಿದ್‌ನಲ್ಲಿರುವ ಪತ್ರಕರ್ತ. ಅಂಟಾರ್ಕ್ಟಿಕಾದ ಬೇಸಿಗೆಯಲ್ಲಿ ಒಂದು ತಿಂಗಳಿದ್ದು ಕೇಂದ್ರದ ದಿನಚರಿ ಬರೆಯಲು ನನಗೆ ಅನುಮತಿ ಸಿಕ್ಕಿತ್ತು. ನಮ್ಮಿಬ್ಬರ ಮಾತು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇನೆ.

ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿಗೆ ಮೂವತ್ತೈದು ರಿಯಾಲ್ ಆಯಿತು. ಕಂಪನಿಯ ಮ್ಯಾನೇಜರ್, ಉಡುಪಿಯ ಸಾಲ್ಡಾನ, ಬೀಳ್ಕೊಡಲು ಬಂದಿದ್ದರು.

"ವಸಂತ, ಹೆಸರು ಕೆಡಿಸಬೇಡ ಮಾರಾಯ. ಅಲ್ಲಿ ಎಲ್ಲ ದೊಡ್ಡ ದೊಡ್ಡ ಸೈಂಟಿಸ್ಟುಗಳು."

"ದೊಡ್ಡವರಿಗೂ ಕರೆಂಟ್ ಬೇಕಲ್ಲ ಸರ್," ಎಂದರು ವಸಂತ.

ಕೇಪ್‌ಟೌನಿಗೆ ಸುಮಾರು ಹತ್ತು ಗಂಟೆ. ಅಲ್ಲಿ ಹವಾಮಾನಕ್ಕಾಗಿ ಮೂರು ದಿನ ಕಾದೆವು. ದಪ್ಪ ಕೋಟು, ಬೂಟು, ಮೂರು ಪದರದ ಕೈಗವಸು ಕೊಟ್ಟರು. ಬಳಿಕ ಸರಕು ವಿಮಾನದಲ್ಲಿ ಆರು ಗಂಟೆ. ಇಳಿದದ್ದು ಮಂಜುಗಡ್ಡೆಯ ರನ್‌ವೇ ಮೇಲೆ. ಅಂದು ಮೈನಸ್ ಹದಿನೆಂಟು ಡಿಗ್ರಿ. ವಸಂತ ಸುತ್ತ ನೋಡಿ ನನ್ನತ್ತ ತಿರುಗಿ, "ಶೆಟ್ರೆ, ಇಲ್ಲಿ ಎಸಿ ರಿಪೇರಿಯವನಿಗೆ ಭವಿಷ್ಯ ಇಲ್ಲ," ಎಂದರು.

ಕೇಂದ್ರದಲ್ಲಿ ನೀರೆಂದರೆ ಕರಗಿಸಿದ ಹಿಮ. ಬೆಳಗಿನ ತಿಂಡಿಗೆ ಮೊದಲು ಇಬ್ಬರು ಸಲಿಕೆ ಹಿಡಿದು ಕರಗಿಸುವ ತೊಟ್ಟಿ ತುಂಬಬೇಕು. ಸ್ನಾನ ಎರಡು ದಿನಕ್ಕೊಮ್ಮೆ, ಅದೂ ಎರಡೇ ನಿಮಿಷ. ಪಾತ್ರೆ ತೊಳೆಯುವ ಪಾಳಿ ಮುಖ್ಯಸ್ಥನಿಗೂ ತಪ್ಪುವುದಿಲ್ಲ. ಸೂರ್ಯ ಮುಳುಗದ ಕಾರಣ ಮಲಗುವಾಗ ಕಿಟಕಿಗೆ ಕಪ್ಪು ಪರದೆ ಎಳೆಯುತ್ತಿದ್ದೆವು. ಊಟಕ್ಕೆ ಡಬ್ಬದ ತರಕಾರಿ, ಬ್ರೆಡ್, ಮಾಂಸ. ಊರಿನಿಂದ ತಂದಿದ್ದ ನೀರುಳ್ಳಿ ಚಟ್ನಿಪುಡಿಯನ್ನು ವಸಂತ ಮೇಜಿನ ಮೇಲಿಟ್ಟರು, ವಾರದೊಳಗೆ ಖಾಲಿ.

ಬಾಗಿಲ ಬಳಿ ಒಂದು ಹಲಗೆ. ಅದರಲ್ಲಿ ಪ್ರತಿಯೊಬ್ಬರ ಹೆಸರಿನ ಬಿಲ್ಲೆ. ಹೊರಗೆ ಹೋಗುವಾಗ ಕೆಂಪು ಬದಿ, ಬಂದ ಮೇಲೆ ಹಸಿರು. ಅವರವರ ಬಿಲ್ಲೆಯನ್ನು ಅವರವರೇ ತಿರುಗಿಸಬೇಕೆಂದು ನಿಯಮ. ರೂಢಿ ಬೇರೆ. ವಾಹನ ಓಡಿಸಿದವನು ಮೊದಲು ಒಳಗೆ ಬಂದು ತನ್ನ ತಂಡದ ಎಲ್ಲ ಬಿಲ್ಲೆಗಳನ್ನೂ ತಿರುಗಿಸುತ್ತಿದ್ದ. ಕೈಗವಸು ಬಿಚ್ಚುವ ಕಷ್ಟ ಒಬ್ಬನಿಗೇ ಸಾಕು ಎಂಬುದು ಅಲ್ಲಿನ ಸೌಜನ್ಯ. ಮುಖ್ಯಸ್ಥನ ಬಿಲ್ಲೆಯನ್ನು ಚಾಲಕ ತಿರುಗಿಸಿದ್ದನ್ನು ನಾನೇ ಕಂಡಿದ್ದೇನೆ.

ಆ ಶನಿವಾರ ಚಾಲಕ, ಒಬ್ಬ ಸಂಶೋಧಕ ಮತ್ತು ವಸಂತ ಕೊರೆಯುವ ಜಾಗಕ್ಕೆ ಹೋದರು. ಸಂಶೋಧನೆಗಾಗಿ ಹಿಮದಾಳದಿಂದ ಉದ್ದುದ್ದದ ಮಂಜುಗಡ್ಡೆಯ ಕಂಬಗಳನ್ನು ತೆಗೆಯುವುದು ಅಲ್ಲಿನ ಕೆಲಸ. ಪಕ್ಕದ ಗುಡಿಸಲಿನಲ್ಲಿ ಜನರೇಟರ್. ಮಧ್ಯಾಹ್ನ ಗಾಳಿ ಏಳುವ ಸೂಚನೆ ಬಂತು. ಆ ಕಂಬಗಳ ಪೆಟ್ಟಿಗೆಗಳನ್ನು ಮೊದಲು ಸಾಗಿಸಬೇಕೆಂದು ಸಂಶೋಧಕ ಪಟ್ಟು ಹಿಡಿದ. ಪೆಟ್ಟಿಗೆಗಳು ಮೂರನೆಯ ಸೀಟಿನಲ್ಲಿ ಕುಳಿತವು. ವಸಂತರನ್ನು ಮುಂದಿನ ಪಾಳಿಯ ಚಾಲಕ ಕರೆತರುತ್ತಾನೆ ಎಂದಾಯಿತು. ಇದ್ದ ಒಂದೇ ರೇಡಿಯೋ ವಾಹನದೊಂದಿಗೆ ಹೋಯಿತು.

ಮೊದಲ ಚಾಲಕ ಒಳಗೆ ಬಂದು ಅಭ್ಯಾಸಬಲದಿಂದ ಮೂರೂ ಬಿಲ್ಲೆ ತಿರುಗಿಸಿದ. ಎರಡನೆಯವನು ಹಲಗೆ ನೋಡಿದ, ಎಲ್ಲ ಹಸಿರು. ಮೂವರೂ ಬಂದಾಯಿತೆಂದುಕೊಂಡು ವಾಹನ ನಿಲ್ಲಿಸಿ ಕಾಫಿಗೆ ಹೋದ.

ಸಂಜೆಯ ಊಟಕ್ಕೆ ವಸಂತ ಬರಲಿಲ್ಲ. ನಮ್ಮಿಬ್ಬರದೂ ಒಂದೇ ಕೋಣೆ. ಹೋಗಿ ನೋಡಿದೆ, ಹಾಸಿಗೆಯಲ್ಲೂ ಇಲ್ಲ. ಮುಖ್ಯಸ್ಥನಿಗೆ ಹೇಳಿದೆ. ಆತ ಹಲಗೆಯತ್ತ ಕೈ ತೋರಿಸಿದ.

"ಒಳಗೇ ಇದ್ದಾನೆ. ಲೈಬ್ರರಿಯಲ್ಲಿ ನೋಡಿ."

"ನೋಡಿದೆ."

"ಜಿಮ್?"

"ವಸಂತ ಹೊರಗಿದ್ದಾನೆ. ನಿಮ್ಮ ಹಲಗೆ ಸುಳ್ಳು ಹೇಳುತ್ತಿದೆ."

"ಸ್ವಲ್ಪ ಸಮಾಧಾನ," ಎಂದು ಆತ ಸೂಪಿನ ಬಟ್ಟಲು ಮುಂದಕ್ಕೆಳೆದ. ಇಡೀ ಕಟ್ಟಡ ಹುಡುಕಿಸಿದ ಮೇಲೆಯೇ ವಾಹನ ಹೊರಟಿತು. ಅಷ್ಟರಲ್ಲಿ ಗಾಳಿ ಪೂರ್ತಿ ಎದ್ದಿತ್ತು. ದಾರಿ ಗುರುತಿಗೆಂದು ಬಿದಿರುಕೋಲಿಗೆ ಕಟ್ಟಿದ್ದ ಬಾವುಟಗಳನ್ನು ಒಂದೊಂದಾಗಿ ಹುಡುಕುತ್ತ ಹೋಗಬೇಕಾಯಿತು. ನಾನೂ ಜೊತೆಗಿದ್ದೆ.

ಗುಡಿಸಲಿನಲ್ಲಿ ಜನರೇಟರ್ ಓಡುತ್ತಿತ್ತು. ವಸಂತ ಅದರ ಮೈಗೆ ಒರಗಿ ಕುಳಿತಿದ್ದರು. ಮಧ್ಯೆ ಅದು ನಿಂತುಹೋಗಿತ್ತು. ಫಿಲ್ಟರಿನ ಸಣ್ಣ ಸ್ಕ್ರೂ ಕೈಗವಸಿನಲ್ಲಿ ಹಿಡಿತಕ್ಕೆ ಸಿಗದೆ ಬರಿಗೈಯಲ್ಲಿ ಬಿಚ್ಚಿದ್ದರು. ಹೆಪ್ಪುಗಟ್ಟಿಸುವಷ್ಟು ತಣ್ಣನೆಯ ಡೀಸೆಲ್ ಬೆರಳಿನ ಮೇಲೆ ಸುರಿದಿತ್ತು.

"ಜನರೇಟರ್ ಚಾಲೂ ಉಂಟು ಶೆಟ್ರೆ," ಎಂದರು. "ಬೆರಳು ಮಾತ್ರ ಖಲಾಸ್."

ಅಂಥ ಬೆರಳನ್ನು ಕೂಡಲೇ ಕತ್ತರಿಸುವುದಿಲ್ಲ. ಎಲ್ಲಿಯವರೆಗೆ ಸತ್ತಿದೆ ಎಂದು ತಿಳಿಯಲು ವಾರಗಟ್ಟಲೆ ಕಾಯುತ್ತಾರೆ. ಶಸ್ತ್ರಚಿಕಿತ್ಸೆ ನಡೆದದ್ದು ದೋಹಾಕ್ಕೆ ಮರಳಿದ ಮೇಲೆ. ಹೆಬ್ಬೆರಳಿನ ಪಕ್ಕದ ಎರಡು ಬೆರಳು, ಸ್ಪ್ಯಾನರ್ ಹಿಡಿಯುವವು. ಅಷ್ಟರಲ್ಲಿ ಕೇಂದ್ರದ ವರದಿಯೂ ಕಂಪನಿಗೆ ತಲುಪಿತ್ತು: ತನ್ನ ಬಿಲ್ಲೆಯನ್ನು ಇನ್ನೊಬ್ಬರು ತಿರುಗಿಸಲು ಬಿಟ್ಟು ತಂತ್ರಜ್ಞ ನಿಯಮ ಮೀರಿದ್ದಾನೆ. ಪೆಟ್ಟಿಗೆ, ಸೀಟು, ರೇಡಿಯೋ, ಯಾವುದರ ಸುದ್ದಿಯೂ ಅದರಲ್ಲಿಲ್ಲ.

ನಾನು ಸಾಲ್ಡಾನರ ಕಚೇರಿಗೆ ಹೋದೆ. ವಸಂತ ಬ್ಯಾಂಡೇಜಿನ ಕೈ ಮಡಿಲಲ್ಲಿಟ್ಟು ಕುಳಿತಿದ್ದರು.

"ರೂಲ್ ಅಂದರೆ ರೂಲ್, ಶೆಟ್ರೆ. ಇವನು ಯಾಕೆ ಬಿಟ್ಟದ್ದು?" ಎಂದರು ಸಾಲ್ಡಾನ.

"ಬಿಡಲು ಅವನು ಬಾಗಿಲ ಹತ್ತಿರ ಇದ್ದನೇ ಸಾಲ್ಡಾನರೇ? ಹಿಮದಲ್ಲಿ ಇದ್ದ. ಹಲಗೆಗೆ ಬೇರೆಯವನು ಕೈ ಹಾಕಿದ್ದಕ್ಕೆ ಇವನ ಕೈ ಹೋಗಬೇಕೆ?"

"ಮೆಲ್ಲಗೆ ಮಾತಾಡಿ. ಮುಂದಿನ ವರ್ಷದ ಕಾಂಟ್ರಾಕ್ಟ್ ಉಂಟು ನಮಗೆ."

"ಹೆಸರು ಕೆಡಿಸಲಿಲ್ಲ ಸರ್," ಎಂದರು ವಸಂತ. "ನಿಮ್ಮ ಮೆಷಿನ್ ನಿಲ್ಲಲಿಲ್ಲ. ಕೆಲಸ ಒಂದು ಇರಲಿ. ಎಡಗೈಯಲ್ಲಿ ಅಭ್ಯಾಸ ಮಾಡುತ್ತೇನೆ."

ಸಾಲ್ಡಾನ ಫೋನ್ ತೆಗೆದುಕೊಂಡು ಹೊರಗೆ ಹೋದರು.

ಕಂಡದ್ದನ್ನು ಬರೆದು, ಸಹಿ ಹಾಕಿ ಕೇಂದ್ರಕ್ಕೂ ಕಂಪನಿಗೂ ಕಳಿಸಿದ್ದೇನೆ. ಎರಡೂ ಕಡೆಯಿಂದ ಉತ್ತರವಿಲ್ಲ. ಕಂಪನಿ ಗುತ್ತಿಗೆಯನ್ನು ಉಳಿಸಿಕೊಂಡಿದೆ. ಮೊನ್ನೆ ಗುರುವಾರ ವಸಂತರಿಗೆ ರಜೆ ಎಂದು ಹೇಳಿ ಮಂಗಳೂರಿನ ಟಿಕೆಟ್ ಕೊಟ್ಟರು. ಹೋಗುವ ಟಿಕೆಟ್ ಮಾತ್ರ.